ನೀಲಿಕಲ್ಲೋ, ಕಲ್ವವೋ, ಬಳಚೋ, ಏಡಿಯೋ? ಅಳಿವೆ ಬದಿಯ ಊರಿಗೆ ಯಾವುದು ಹೊಂದುತ್ತದೆ

ಹೊಳೆ ಸಮುದ್ರ ಸೇರುವ ಕಡೆ ಮನೆಯಿರುವವರು, ಅದರಲ್ಲೂ ಮಹಿಳಾ ಸಂಘಗಳವರು, ಈಗೀಗ ಒಂದೇ ಗೊಂದಲದಲ್ಲಿದ್ದಾರೆ. ಚಿಪ್ಪಿನ ಕೃಷಿ ಮಾಡಬೇಕು ಅನ್ನುವುದು ಖಚಿತ. ಯಾವುದು ಅನ್ನುವುದೇ ಗೊತ್ತಿಲ್ಲ. ತರಬೇತಿಗೆ ಹೋದರೆ ನೀಲಿಕಲ್ಲು ಅಂತಾರೆ. ಯೂಟ್ಯೂಬ್ ತೆಗೆದರೆ ಡಬ್ಬಿಯಲ್ಲಿ ಏಡಿ ಸಾಕಿ ಲಕ್ಷ ಎಣಿಸುವವರು ಕಾಣುತ್ತಾರೆ. ಊರಿನ ಅಜ್ಜಿಯಂದಿರು ಮಾತ್ರ "ಮೊದಲು ಬಳಚು ಉಳಿಸ್ಕೊಳ್ಳಿ" ಅನ್ನುತ್ತಾರೆ. ಮೂವರ ಮಾತಿನಲ್ಲೂ ಸತ್ಯವಿದೆ, ಆದರೆ ಎಲ್ಲ ಊರಿಗೂ ಅಲ್ಲ.

ಇಲ್ಲಿ ನಾಲ್ಕು ದಾರಿಗಳನ್ನು ತೂಗಿ ನೋಡಿದ್ದೇನೆ. ಬಂಡೆಗೆ ಅಂಟಿ ಬೆಳೆಯುವ ನೀಲಿಕಲ್ಲೆಂಬ ಚಿಪ್ಪಿಯನ್ನು (ಮಂಗಳೂರು, ಉಡುಪಿ ಕಡೆಯವರಿಗೆ ಪಚ್ಚಿಲೆ) ಹಗ್ಗದ ಮೇಲೆ ಬೆಳೆಸುವುದು. ಕಲ್ವ, ಅಂದರೆ ತಿನ್ನುವ ಸಿಂಪಿ. ಹೊಳೆಯ ತಳದ ಕೆಸರಲ್ಲಿ ಸಿಗುವ ಬಳಚು ಅಥವಾ ಮರುವಾಯಿ ಚಿಪ್ಪಿಯ ಪಾತಳಿಯನ್ನು, ಅಂದರೆ ಅದು ಬದುಕುವ ತಳವನ್ನು, ಊರೇ ನೋಡಿಕೊಳ್ಳುವುದು. ಮತ್ತೆ, ಏಡಿ ಕೊಬ್ಬಿಸುವುದು. ಸಿಗಡಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅದಕ್ಕೆ ಬೇಕಾದ ಬಂಡವಾಳ ಬೇರೆ, ರೋಗದ ಭಯ ಬೇರೆ. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಕರಾವಳಿಯ ಸಿಗಡಿ ಕೆರೆಗಳು ಹೇಗೆ ಖಾಲಿಯಾದವು ಅನ್ನುವುದು ಆಗ ಸಾಲ ಮಾಡಿದವರಿಗೆ ಚೆನ್ನಾಗಿ ನೆನಪಿದೆ.

ಮೊದಲು ಅಳೆಯಬೇಕಾದ್ದು

ಎಲ್ಲಕ್ಕಿಂತ ಮುಂಚೆ ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮೀಟರಿನಲ್ಲಿ ಅದು 35 ಪಿಪಿಟಿ. ನಮ್ಮ ಹೊಳೆಗಳಲ್ಲಿ ಮಳೆ ಜೋರಾದ ಮೇಲೆ ಇದು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಮತ್ತೆ ಏರಿ ಗಟ್ಟಿಯಾಗಿ ನಿಲ್ಲುವಾಗ ನವೆಂಬರ್, ಡಿಸೆಂಬರ್ ಬಂದಿರುತ್ತದೆ. ಹಾಗಾಗಿ ಪಶ್ಚಿಮ ಕರಾವಳಿಯ ಅಳಿವೆಯಲ್ಲಿ ಉಪ್ಪು ಬೇಡುವ ಬೆಳೆಗೆ ಸಿಗುವುದು ಆರು ತಿಂಗಳು, ಅಷ್ಟೇ.

ಅಳೆಯುವುದು ಕಷ್ಟವಲ್ಲ. ರಿಫ್ರ್ಯಾಕ್ಟೋಮೀಟರ್ ಅಂತ ಅಂಗೈಯಲ್ಲಿ ಹಿಡಿಯುವ ಸಣ್ಣ ಕೊಳವೆ ಸಿಗುತ್ತದೆ. ತುದಿಯ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು, ಮುಚ್ಚಳ ಒತ್ತಿ, ಬೆಳಕಿನ ಕಡೆ ತಿರುಗಿಸಿ ಕಣ್ಣಿಟ್ಟರೆ ನೀಲಿ ಮತ್ತು ಬಿಳಿ ಸೇರುವ ಗೆರೆಯಲ್ಲಿ ಅಂಕಿ ಕಾಣುತ್ತದೆ. ಉಬ್ಬರದಲ್ಲಿ ಅಳೆದು ಖುಷಿಪಡಬೇಡಿ. ಇಳಿತದಲ್ಲಿ ಬರುವ ಅಂಕಿಯೇ ನಿಮ್ಮ ನಿಜವಾದ ಅಂಕಿ. ಉಪ್ಪುನೀರು ಭಾರ, ಅದು ಕೆಳಗೆ ಕೂರುತ್ತದೆ. ಆದ್ದರಿಂದ ಮೇಲಿನ ನೀರನ್ನೂ ತಳದ ನೀರನ್ನೂ ಬೇರೆಬೇರೆಯಾಗಿ ನೋಡಿ.

ಎರಡನೆಯದು ಮರಿ. ಬೀಜದಂಗಡಿಗೆ ಹೋಗಿ ಪ್ಯಾಕೆಟ್ ತರುವ ಹಾಗೆ ಇಲ್ಲ ಇದು. ಇವತ್ತಿಗೂ ಚಿಪ್ಪಿನ ಮರಿ ಬಹುತೇಕ ಸಮುದ್ರದ ಬಂಡೆಗಳಿಂದ, ಹೊಳೆಯ ತಳದಿಂದಲೇ ಬರಬೇಕು. ಆ ಬಂಡೆಯನ್ನು ನಂಬಿ ಬದುಕುವವರು ಈಗಾಗಲೇ ಯಾರೋ ಇರುತ್ತಾರೆ.

ಮೂರನೆಯದು ನೀರಿನ ಹಕ್ಕು. ಗದ್ದೆಗೆ ಪಹಣಿ ಇದೆ, ಹೊಳೆಗೆ ಇಲ್ಲ. ನೀವು ಗೂಟ ನೆಡುವ ಜಾಗದಲ್ಲಿ ನಿನ್ನೆಯವರೆಗೆ ಒಬ್ಬರು ಬಲೆ ಬೀಸುತ್ತಿದ್ದರು. ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಲ್ಲಿ ಕೂತು ಬಳಚು ಹೆಕ್ಕುವ ಹೆಂಗಸರಿದ್ದರು. ಅವರ ಕೈಯಲ್ಲಿ ಯಾವ ಕಾಗದವೂ ಇಲ್ಲ. ಯೋಜನೆ ಬರೆಯುವಾಗ ಮೊದಲು ಕಾಣದೇ ಹೋಗುವುದು ಅವರೇ. ಆಮೇಲೆ ಜಗಳಕ್ಕೆ ಮೊದಲು ನಿಲ್ಲಬೇಕಾಗುವುದೂ ಅವರೇ.

ಇನ್ನು ತಿನ್ನುವವರ ಆರೋಗ್ಯ. ಚಿಪ್ಪಿನ ಜೀವಿಗಳು ನೀರನ್ನು ಸೋಸಿಕೊಂಡೇ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ನೀರಿನಲ್ಲಿ ಚರಂಡಿಯ ಕೊಳೆ ಇದ್ದರೆ ಅದೂ ಒಳಗೆ. ವಿಷದ ಪಾಚಿ ಎದ್ದಿದ್ದರೆ ಅದೂ ಒಳಗೆ. 1983ರಲ್ಲಿ ಮಂಗಳೂರಿಗೆ ಹತ್ತಿರದ ಕುಂಬಳೆಯಲ್ಲಿ ಮರುವಾಯಿ ತಿಂದವರಿಗೆ ಪಾಚಿಯ ವಿಷವೇರಿತ್ತು. ಆ ವಿಷ ಬೇಯಿಸಿದರೂ ಹೋಗುವುದಿಲ್ಲ. ಹೊಳೆಯ ನೀರಿನ ಬಣ್ಣ ಇದ್ದಕ್ಕಿದ್ದಂತೆ ಬದಲಾದರೆ ಕೀಳುವುದನ್ನು ನಿಲ್ಲಿಸಿ ಮೀನುಗಾರಿಕಾ ಇಲಾಖೆಗೆ ಹೇಳಬೇಕು. ಊರಿನ ಕೊಳೆನೀರು ಬಂದು ಬೀಳುವ ಬಾಯಿಯ ಹತ್ತಿರವಂತೂ ಏನನ್ನೂ ಹಾಕಬೇಡಿ.

ದುಡ್ಡಿನ ಮಾತನ್ನು ಕೊನೆಗಿಟ್ಟಿದ್ದು ಬೇಕೆಂದೇ. ಈ ನಾಲ್ಕಕ್ಕೂ ಉತ್ತರ ಸಿಕ್ಕಿದ ಮೇಲೆ ದುಡ್ಡಿನ ಲೆಕ್ಕ ಸುಲಭ. ಅದಕ್ಕೂ ಮೊದಲು ಹಾಕಿದ ಲೆಕ್ಕ ಬರೀ ಕಾಗದದ ಮೇಲಿನದು.

ನೀಲಿಕಲ್ಲು: ಆರು ತಿಂಗಳ ಬೆಳೆ

ಹೊಸದಾಗಿ ಶುರು ಮಾಡುವ ಸಂಘಕ್ಕೆ ಎಲ್ಲರೂ ಇದನ್ನೇ ಹೇಳಲು ಕಾರಣವಿದೆ. ಮೇವು ಹಾಕಬೇಕಾಗಿಲ್ಲ, ಬೇಗ ಬೆಳೆಯುತ್ತದೆ, ಮಾಡಿ ತೋರಿಸಿದವರು ಪಕ್ಕದಲ್ಲೇ ಇದ್ದಾರೆ. ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ 1990ರ ದಶಕದ ಕೊನೆಯಿಂದ ಮಹಿಳಾ ಸಂಘಗಳು ಇದನ್ನು ಕಸುಬಾಗಿ ಮಾಡಿಕೊಂಡಿವೆ. ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕಲಿಸಿಕೊಟ್ಟ ವಿದ್ಯೆ ಅದು. ನಮ್ಮಲ್ಲೂ ಮುಲ್ಕಿಯ ಅಳಿವೆಯಂಥ ಕಡೆ ಪ್ರಯೋಗ ಆಗಿದೆ. ಆ ಸಂಸ್ಥೆಯ ಕೇಂದ್ರಗಳು ಮಂಗಳೂರಿನಲ್ಲೂ ಕಾರವಾರದಲ್ಲೂ ಇವೆ.

ಕೆಲಸ ಹೀಗೆ. ಬಿದಿರು ಅಥವಾ ಗಾಳಿಮರದ ಗೂಟ ಹೂತು ನೀರಿನ ಮೇಲೆ ಚಪ್ಪರದಂಥ ಚೌಕಟ್ಟು ಕಟ್ಟುತ್ತಾರೆ. ದಡದ ಮೇಲೆ ಸೊಳ್ಳೆಪರದೆಯಂಥ ತೆಳು ಹತ್ತಿ ಬಟ್ಟೆಯ ಪಟ್ಟಿ ಹಾಸಿ, ನಡುವೆ ಹೆಬ್ಬೆರಳು ದಪ್ಪದ ಹಗ್ಗ ಇಟ್ಟು, ಸುತ್ತ ಮರಿ ಹರಡಿ, ಬಟ್ಟೆಯನ್ನು ಮಡಚಿ ಹೊಲಿಯುತ್ತಾರೆ. ಮರಿ ಸುಮಾರು ಎರಡು ಸೆಂಟಿಮೀಟರ್ ಉದ್ದವಿದ್ದರೆ ಸರಿ. ಹೊಲಿದ ಹಗ್ಗವನ್ನು ನೀರಿಗಿಳಿಸಿದ ಮೇಲೆ ಮರಿಗಳು ನಾರಿನಂಥ ದಾರ ಬಿಟ್ಟು ಹಗ್ಗವನ್ನು ಹಿಡಿದುಕೊಳ್ಳುತ್ತವೆ. ಅಷ್ಟರಲ್ಲಿ ಬಟ್ಟೆ ಕೊಳೆತು ತಾನಾಗಿ ಕಳಚುತ್ತದೆ. ಸಿಂಥೆಟಿಕ್ ಬಟ್ಟೆ ಅಗ್ಗ ಅಂತ ಹೊಲಿದರೆ ಅದು ಕೊಳೆಯುವುದಿಲ್ಲ, ಮರಿ ಒಳಗೇ ಸಿಕ್ಕಿಕೊಳ್ಳುತ್ತದೆ. ಇಳಿತದಲ್ಲೂ ಹಗ್ಗದ ತುದಿ ತಳಕ್ಕೆ ತಾಗಬಾರದು. ತಾಗಿದರೆ ಏಡಿಗಳಿಗೆ ಏಣಿ ಇಟ್ಟುಕೊಟ್ಟಂತೆ.

ಲೆಕ್ಕ ನೋಡಿ. ಮೀಟರ್ ಹಗ್ಗಕ್ಕೆ ಸುಮಾರು ಒಂದು ಕೆಜಿ ಮರಿ ಬೇಕು. ನೀರು ಚೆನ್ನಾಗಿದ್ದರೆ ಐದಾರು ತಿಂಗಳಲ್ಲಿ ಅದೇ ಹಗ್ಗದಲ್ಲಿ ಹತ್ತು ಕೆಜಿ ತನಕ ಸಿಗುತ್ತದೆ. ನೀರೊಳಗೆ ಒಂದು ಮೀಟರ್ ಇಳಿಯುವ 100 ಹಗ್ಗ ಕಟ್ಟಿದರೆ ಚಿಪ್ಪು ಸಮೇತ ಒಂದು ಟನ್ ಹತ್ತಿರ. ಅದರಲ್ಲಿ ಮಾಂಸ ಮೂರರಲ್ಲೊಂದು ಪಾಲು, ಸ್ವಲ್ಪ ಜಾಸ್ತಿ ಬಂದರೂ ಬರಬಹುದು. ನನ್ನ ಕೇಳಿದರೆ ಬ್ಯಾಂಕಿಗೆ ಕೊಡುವ ಲೆಕ್ಕದಲ್ಲಿ ಮೀಟರಿಗೆ ಐದು ಕೆಜಿ ಅಂತಲೇ ಬರೆಯಿರಿ. ಮೀನು ಬಂದು ಎಳೇ ಮರಿ ತಿನ್ನುತ್ತದೆ, ಭಾರಕ್ಕೆ ಗೊಂಚಲು ಕಳಚಿ ಬೀಳುತ್ತದೆ, ಒತ್ತೊತ್ತಾಗಿ ಕಟ್ಟಿದರೆ ನಡುವಿನ ಹಗ್ಗಗಳಿಗೆ ನೀರೇ ಸರಿಯಾಗಿ ಹರಿಯುವುದಿಲ್ಲ.

ಈಗ ತೊಂದರೆಗಳು. ಮೊದಲನೆಯದು ಮಳೆ. ಉಪ್ಪು 20 ಪಿಪಿಟಿಗಿಂತ ಮೇಲಿದ್ದರೆ ನೀಲಿಕಲ್ಲು ಆರಾಮಾಗಿರುತ್ತದೆ, 27ರಿಂದ 35 ಅದಕ್ಕೆ ಹಿತ. ಸಿಹಿನೀರು ಬಂತೋ, ಸಾಯುತ್ತದೆ. ಆದ್ದರಿಂದ ಮೇ ಮುಗಿಯುವುದರೊಳಗೆ ಎಲ್ಲರೂ ಕೀಳಲೇಬೇಕು. ಎಲ್ಲರೂ ಒಟ್ಟಿಗೆ ಕಿತ್ತರೆ ದರ ಬೀಳುತ್ತದೆ ಅನ್ನುವುದನ್ನು ಬೇರೆ ಹೇಳಬೇಕಾ? ವ್ಯಾಪಾರಿಗೂ ಗೊತ್ತು, ಇನ್ನೆರಡು ವಾರ ಕಾಯಲು ನಿಮ್ಮಿಂದಾಗದು ಅಂತ. ಬೇಯಿಸಿ, ಮಾಂಸ ಬಿಡಿಸಿ, ಐಸಿನಲ್ಲಿಡುವ ಏರ್ಪಾಡು ಇದ್ದವರಿಗೆ ಮಾತ್ರ ಇದರಿಂದ ಸ್ವಲ್ಪ ಬಚಾವು. ಹಗ್ಗ ಕೊಳ್ಳುವ ಮೊದಲು ಫ್ರೀಜರಿನ ಬಗ್ಗೆ ಯೋಚಿಸಿ.

ಎರಡನೆಯದು ಮರಿಯ ಜಗಳ. ನೂರು ಹಗ್ಗಕ್ಕೆ ನೂರು ಕೆಜಿ ಮರಿ ಅಂದರೆ ಒಂದು ಬಂಡೆಯನ್ನೇ ಬೋಳಿಸಿದ ಹಾಗೆ. ಮರಿ ಕೀಳುವವರು ನೀವು, ದೊಡ್ಡದಾದ ಮೇಲೆ ಮುಳುಗಿ ಕೀಳುತ್ತಿದ್ದವರು ಬೇರೆ ಊರಿನವರು. ಮೊದಲೇ ಕೂತು ಮಾತಾಡದಿದ್ದರೆ ಇದು ಪೊಲೀಸ್ ಠಾಣೆ ತನಕ ಹೋಗುತ್ತದೆ. ಮೇಲ್ಪದರದ ಒತ್ತೊತ್ತು ಮರಿಯನ್ನಷ್ಟೇ ತೆಗೆದು, ಬಂಡೆಯ ಒಂದು ಭಾಗ ಮುಟ್ಟದೇ ಬಿಡುವುದು ಒಪ್ಪಂದದಲ್ಲಿ ಇರಲಿ.

ಕಲ್ವ: ಗಟ್ಟಿ ಪ್ರಾಣಿ, ಮೆತ್ತನೆ ಮಾರುಕಟ್ಟೆ

ಮರಿಯ ಜಗಳ ಬೇಡ ಅನ್ನುವವರಿಗೆ ಇದು ಆಸೆ ಹುಟ್ಟಿಸುವ ದಾರಿ. ಖಾಲಿ ಚಿಪ್ಪುಗಳಿಗೆ ತೂತು ಕೊರೆದು ಹಾರದ ಹಾಗೆ ಪೋಣಿಸಿ, ಸರಿಯಾದ ಸಮಯಕ್ಕೆ ನೀರಿನಲ್ಲಿ ತೂಗುಬಿಟ್ಟರೆ ಹೊಳೆಯಲ್ಲಿ ತೇಲುವ ಮರಿಗಳು ತಾವೇ ಬಂದು ಅಂಟುತ್ತವೆ. ಬಂಡೆಗೆ ಕೈ ಹಾಕಬೇಕಾಗಿಲ್ಲ, ಮರಿಗೆ ಕಾಸೂ ಬೇಕಿಲ್ಲ. ನೀಲಿಕಲ್ಲಿಗಿಂತ ಕಮ್ಮಿ ಉಪ್ಪನ್ನೂ ಇದು ತಡೆದುಕೊಳ್ಳುತ್ತದೆ. ಕೇರಳದ ಅಷ್ಟಮುಡಿ ಕೆರೆಯಲ್ಲಿ ಏಳೆಂಟು ತಿಂಗಳಿಗೆ ಕೀಳುವಷ್ಟಾಗುತ್ತದೆ.

ಆದರೆ ಮಾಂಸ ನೋಡಿ. ಚಿಪ್ಪು ಸಮೇತದ ತೂಕದಲ್ಲಿ ಹತ್ತರಲ್ಲೊಂದು ಪಾಲು ಸಿಕ್ಕಿದರೆ ಹೆಚ್ಚು. ನೂರು ಕೆಜಿ ದಡಕ್ಕೆ ಹೊತ್ತು ತಂದರೆ ಅಡುಗೆಗೆ ಸಿಗುವುದು ಹತ್ತು ಕೆಜಿ. ಬಿಡಿಸುವ ಕೆಲಸವೂ ಸುಲಭವಲ್ಲ. ಚಿಪ್ಪಿನ ಅಂಚು ಬ್ಲೇಡಿನಂತೆ ಇರುತ್ತದೆ, ದಿನವಿಡೀ ಸುತ್ತಿಗೆ, ಚಾಣ ಹಿಡಿದವರ ಬೆರಳು ನೋಡಿದರೆ ಗೊತ್ತಾಗುತ್ತದೆ. ಸಂತೆಯಲ್ಲಿ ಕೇಳಿ ಕೊಳ್ಳುವವರು ಕಾರವಾರ, ಗೋವಾ ಕಡೆ ಜಾಸ್ತಿ. ದಕ್ಷಿಣಕ್ಕೆ ಬಂದ ಹಾಗೆ ಕಮ್ಮಿ. ಖಾಯಂ ತೆಗೆದುಕೊಳ್ಳುವ ಹೋಟೆಲ್ ಅಥವಾ ರೆಸಾರ್ಟ್ ಇದ್ದರೆ ಮಾಡಿ. ಆದರೆ ಹಸಿಯಾಗಿ ತಿನ್ನುವ ಗಿರಾಕಿಗೆ, ಶುದ್ಧ ನೀರಿನ ತೊಟ್ಟಿಯಲ್ಲಿ ಇಟ್ಟು ಕೊಳೆ ಕಳೆಯುವ ವ್ಯವಸ್ಥೆ ಇಲ್ಲದೆ ಕೊಡಲೇಬೇಡಿ. ಆ ತೊಟ್ಟಿಯೂ ಪಾಚಿಯ ವಿಷಕ್ಕೆ ಮದ್ದಲ್ಲ.

ಬಳಚು: ಏನನ್ನೂ ಕಟ್ಟದೆ ಮಾಡುವ ಕೃಷಿ

ಕಾಗದದ ಮೇಲೆ ಇದು ಯೋಜನೆಯಂತೆ ಕಾಣುವುದಿಲ್ಲ. ಉದ್ಘಾಟನೆ ಮಾಡಲು ಏನೂ ಇರುವುದಿಲ್ಲವಲ್ಲ! ಆದರೂ ನಾಲ್ಕರಲ್ಲಿ ಜಾಸ್ತಿ ಜನರ ಹೊಟ್ಟೆ ತುಂಬಿಸುವುದು ಇದೇ.

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯನ್ನೇ ತೆಗೆದುಕೊಳ್ಳಿ. ಅಣೆಕಟ್ಟು ಇಲ್ಲದ ಹೊಳೆ. 4,801 ಹೆಕ್ಟೇರಿನ ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿತು. ಚಿಪ್ಪಿ ಹೆಕ್ಕುವುದರಿಂದಲೇ ಇಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು ಎಂದು ಹದಿನೈದು ವರ್ಷದ ಹಿಂದಿನ ಅಧ್ಯಯನಗಳು ಲೆಕ್ಕ ಹಾಕಿದ್ದವು. ಅಂಬಿಗರು, ಹರಿಕಂತ್ರರು, ಹಾಲಕ್ಕಿ ಒಕ್ಕಲಿಗರು, ದಾಲ್ದಿಗಳು, ಹೀಗೆ ಹತ್ತಾರು ಸಮುದಾಯಗಳವರು. ಬಂಡವಾಳ ಅಂದರೆ ಒಂದು ಬುಟ್ಟಿ, ಇಳಿತದ ಹೊತ್ತಿನ ಅಂದಾಜು, ಕೆಸರಲ್ಲಿ ಚಿಪ್ಪಿ ಗುರುತಿಸುವ ಬೆರಳು. ಆಮೇಲಿನ ವರ್ಷಗಳಲ್ಲಿ ಬಳಚು ತೀರಾ ಕಡಿಮೆಯಾಯಿತು. ಮರಳು ತೆಗೆದದ್ದು, ಸುಣ್ಣಕ್ಕಾಗಿ ಚಿಪ್ಪು ಬಗೆದದ್ದು, ಸಣ್ಣದನ್ನೂ ಬಿಡದೆ ಹೆಕ್ಕಿದ್ದು, ಎಲ್ಲವನ್ನೂ ಜನ ಕಾರಣವಾಗಿ ಹೇಳುತ್ತಾರೆ.

ಕುಸಿದ ಪಾತಳಿ ಮತ್ತೆ ಎದ್ದ ಉದಾಹರಣೆ ಇದೆಯಾ? ಇದೆ. ಅಷ್ಟಮುಡಿಯಲ್ಲಿ 1990ರ ದಶಕದಲ್ಲಿ ಇಳುವರಿ ಬಿದ್ದಾಗ ಮೀನುಗಾರರು ನಿಯಮಕ್ಕೆ ಒಪ್ಪಿಕೊಂಡರು. ಮೊಟ್ಟೆಯಿಡುವ ಕಾಲವೆಂದು ಡಿಸೆಂಬರಿನಿಂದ ಫೆಬ್ರವರಿವರೆಗೆ ಹೆಕ್ಕುವುದು ಬಂದ್. ಬಲೆಯ ಕಣ್ಣು 30 ಮಿಲಿಮೀಟರ್. ರಫ್ತಿನವರು ಕೆಜಿಗೆ 1,400 ತುಂಡಿಗಿಂತ ಜಾಸ್ತಿ ಬರುವ ಸಣ್ಣ ಮಾಂಸ ಕೊಳ್ಳುವಂತಿಲ್ಲ. ಕಡೆಯ ನಿಯಮ ನನಗೆ ತುಂಬ ಇಷ್ಟ. ಹೆಕ್ಕುವ ಬಡವರನ್ನು ಹಿಡಿಯುವ ಬದಲು ಕೊಳ್ಳುವವರನ್ನೇ ಕಟ್ಟಿಹಾಕುತ್ತದೆ ಅದು. 2014ರಲ್ಲಿ ಈ ಮರುವಾಯಿ ಮೀನುಗಾರಿಕೆಗೆ ಸಂತತಿ ಉಳಿಯುವ ಹಾಗೆ ಹಿಡಿಯುವವರಿಗೆ ಕೊಡುವ ಎಂಎಸ್‌ಸಿ ಎಂಬ ಅಂತಾರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಅದೇ ಮೊದಲು.

ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳು ಇದನ್ನು ಇನ್ನೂ ಮುಂದಕ್ಕೆ ಒಯ್ದಿದ್ದರು. ಇಳಿತದ ಗೆರೆಯ ಹತ್ತಿರ ಕಲ್ಲಿನ ಗೋಡೆ ಕಟ್ಟಿ, ಅದರ ಹಿಂದೆ ಮರಳು ತುಂಬುವಂತೆ ಮಾಡಿ, ಚಿಪ್ಪಿಗೆ ಹಿತವಾದ ಜಾಗವನ್ನೇ ಅಗಲ ಮಾಡಿಕೊಂಡರು. ಕೆಲವು ಗೋಡೆಗಳು ಮೂರು ಸಾವಿರ ವರ್ಷಕ್ಕೂ ಹಳೆಯವು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ವಿನೋಮಿಶ್ ಜನ 2022ರಲ್ಲಿ ಅಂಥದೊಂದನ್ನು ಹೊಸದಾಗಿ ಕಟ್ಟಿದರು. ನಮ್ಮ ಕೆಸರಿನ ಅಳಿವೆಗೆ ಗೋಡೆ ಹೊಂದುವುದಿಲ್ಲ. ಇಲ್ಲಿಗೆ ಹೊಂದುವುದು ಮರುನಾಟಿ. ಒಂದು ಕಡೆ ಒತ್ತಾಗಿ ಬಿದ್ದ ಎಳೇ ಚಿಪ್ಪಿಯನ್ನು ಎತ್ತಿ, ಖಾಲಿ ಇರುವ ಒಳ್ಳೆ ತಳಕ್ಕೆ ಬಿತ್ತಿ, ದೊಡ್ಡದಾಗುವ ತನಕ ಕಾಯುವುದು. ಕೇರಳದ ವೆಂಬನಾಡು ಹಿನ್ನೀರಿನಲ್ಲಿ, ಕಮ್ಮಿ ಉಪ್ಪಿನಲ್ಲೂ ಬದುಕುವ ಕಪ್ಪು ಚಿಪ್ಪಿಯನ್ನು ಹೀಗೆ ಮಾಡಿದ್ದಾರೆ.

ಕಷ್ಟ ಇರುವುದು ಬೇರೆ ಕಡೆ. ಡಿಸೆಂಬರಿನಿಂದ ಮೂರು ತಿಂಗಳು ಹೆಕ್ಕಬೇಡಿ ಅಂದರೆ ಆ ಮೂರು ತಿಂಗಳು ಊಟಕ್ಕೇನು? ಇದಕ್ಕೆ ಉತ್ತರ ಇಲ್ಲದೆ ನಿಯಮ ಬರೆದರೆ ಅದು ಬಡವರ ಮೇಲಿನ ದಂಡ ಮಾತ್ರ. ಇಡೀ ಹೊಳೆ ಮುಚ್ಚುವ ಬದಲು ಸರದಿಯ ಮೇಲೆ ಒಂದೊಂದು ದಿಬ್ಬ ಬಿಡುವುದು, ಸಣ್ಣ ಚಿಪ್ಪಿಯನ್ನು ಅಲ್ಲೇ ಜರಡಿ ಹಿಡಿದು ವಾಪಸ್ ಹಾಕುವುದು, ಇಂಥದ್ದು ಜನ ಒಪ್ಪಿಕೊಳ್ಳುವ ಮಾತು. ಕಾಯುವವರು ಬೇಕು, ಅವರಿಗೆ ಕೂಲಿ ಬೇಕು. ಈ ದಾರಿಯಲ್ಲಿ ಖರ್ಚು ಅಂದರೆ ಅದೇ.

ಏಡಿ: ದುಡ್ಡು ಬೇಗ, ತಲೆಬಿಸಿಯೂ ಬೇಗ

ಚಿಪ್ಪು ಕಳಚಿದ ಏಡಿ ಕೆಲವು ದಿನ ಮೆತ್ತಗೆ, ಒಳಗೆ ನೀರು ನೀರಾಗಿ ಇರುತ್ತದೆ. ವ್ಯಾಪಾರಿ ಅದನ್ನು ಕಡಿಮೆ ದರಕ್ಕೆ ಕೇಳುತ್ತಾನೆ, ಇಲ್ಲವೇ ಪಕ್ಕಕ್ಕೆ ಎಸೆಯುತ್ತಾನೆ. ಅದನ್ನೇ ತಂದು ಮೂರು ನಾಲ್ಕು ವಾರ ಮೇವು ಹಾಕಿದರೆ ಮಾಂಸ ತುಂಬಿ ತೂಕ ಬರುತ್ತದೆ. ಇದೇ ಏಡಿ ಕೊಬ್ಬಿಸುವುದು. ತಿಂಗಳಲ್ಲಿ ದುಡ್ಡು ಕೈಗೆ ಬರುವ ದಾರಿ ಈ ನಾಲ್ಕರಲ್ಲಿ ಇದೊಂದೇ. ಗಜನಿಯಲ್ಲಿ, ಅಂದರೆ ಉಪ್ಪುನೀರು ಬರುವ ಹೊಳೆಬದಿಯ ತಗ್ಗು ಗದ್ದೆಯಲ್ಲಿ, ಸ್ವಂತ ಕೆರೆ ಇದ್ದವರಿಗೆ ಹೊಳೆಯ ಹಕ್ಕಿನ ತಕರಾರೂ ಇಲ್ಲ.

ಆದರೆ ದಿನಾ ಅದರ ತೂಕದ ನೂರಕ್ಕೆ ಐದರಿಂದ ಹತ್ತು ಪಾಲು ಹಸಿಮೀನು ಹಾಕಬೇಕು. ಮಳೆಗಾಲದಲ್ಲಿ ಬೋಟುಗಳು ದಡದಲ್ಲಿದ್ದಾಗ ಆ ಮೀನು ಎಲ್ಲಿ ಸಿಗುತ್ತದೆ, ಎಷ್ಟಕ್ಕೆ? ಗಟ್ಟಿ ಏಡಿ ಮೆತ್ತನೆಯದನ್ನು ತಿನ್ನುತ್ತದೆ. ಅದಕ್ಕೇ ಒಂದೊಂದಕ್ಕೆ ಒಂದೊಂದು ಡಬ್ಬಿ ಇಡುತ್ತಾರೆ, ಅಲ್ಲಿಗೆ ಖರ್ಚು ಏರುತ್ತದೆ. ಮೇವು ಹಾಕಿ ಬೆಳೆಸುವುದಾದ್ದರಿಂದ ಹೊಳೆಗೆ ಇದರಿಂದ ಉಪಕಾರವೇನೂ ಇಲ್ಲ. ಕೈಯಲ್ಲಿ ದುಡ್ಡು ತಿರುಗಿಸಬಲ್ಲ ಒಂದು ಮನೆಯವರಿಗೆ ಇದು ಒಳ್ಳೆಯ ಕಸುಬು. ಇಪ್ಪತ್ತು ಜನರ ಸಂಘಕ್ಕೆ ಅಷ್ಟು ಹೊಂದುವುದಿಲ್ಲ. ಭಾನುವಾರ, ಹಬ್ಬ ಅಂತ ನೋಡದೆ ದಿನಾ ಮೇವು ಹಾಕುವವರು ಯಾರು ಅನ್ನುವಲ್ಲೇ ಸಂಘ ಒಡೆಯುತ್ತದೆ.

ಹಾಗಾದರೆ ಯಾರಿಗೆ ಯಾವುದು

ನಿಮ್ಮ ಅಳಿವೆಯಲ್ಲಿ ಈಗಲೂ ಬಳಚು ಇದ್ದು, ಅದನ್ನು ನಂಬಿದ ಮನೆಗಳಿದ್ದರೆ, ಬೇರೆ ಯಾವುದನ್ನೂ ಅದರ ಮೇಲೆ ತಂದು ಕೂರಿಸಬೇಡಿ. ಪಾತಳಿಯ ನಿಯಮ ಮೊದಲು. ಹೆಕ್ಕುವುದನ್ನು ಬಿಟ್ಟ ತಿಂಗಳುಗಳಲ್ಲಿ ಕೂಲಿ ಸಿಗಲಿ ಅಂತ ಆಳ ನೀರಿನ ಕಡೆ ಸ್ವಲ್ಪ ನೀಲಿಕಲ್ಲು ಹಾಕುವುದು ಚೆನ್ನಾಗಿ ಜೋಡಿಯಾಗುತ್ತದೆ. ಹಗ್ಗ ಹೊಲಿಯುವ ಕೆಲಸ ಡಿಸೆಂಬರಿಗೇ ಬರುತ್ತದೆ.

ಬಳಚು ಇಲ್ಲದ, ಇಳಿತದಲ್ಲೂ ಒಂದೂವರೆ ಎರಡು ಮೀಟರ್ ನೀರು ನಿಲ್ಲುವ, ಡಿಸೆಂಬರಿನಿಂದ ಮೇ ತನಕ ಉಪ್ಪು ಇಳಿಯದ ಜಾಗವಿದ್ದು, ಕೈಯಲ್ಲಿ ದುಡ್ಡು ಕಮ್ಮಿ ಇರುವ ಸಂಘಕ್ಕೆ ನೀಲಿಕಲ್ಲೇ ಸರಿ. ಮೊದಲ ವರ್ಷ ಹತ್ತು ಹಗ್ಗ ಸಾಕು. ಹೊಳೆಯ ಮೇಲ್ಭಾಗದಲ್ಲಿ, ಉಪ್ಪು ಸದಾ ಕಮ್ಮಿ ಇರುವ ಊರಿನವರು ನೀಲಿಕಲ್ಲಿನ ಆಸೆ ಬಿಟ್ಟು ಕಪ್ಪು ಚಿಪ್ಪಿಯ ಮರುನಾಟಿ ನೋಡಿ. ಮರಿ ಸಿಗದ ಕಡೆ, ಗಿರಾಕಿ ಗೊತ್ತಿದ್ದರೆ, ಕಲ್ವ. ಸ್ವಂತ ಕೆರೆ, ಮೀನು ದಕ್ಕೆಯ ನೆಂಟಸ್ತಿಕೆ ಎರಡೂ ಇದ್ದವರಿಗೆ ಏಡಿ.

ಸಹಾಯಧನದ ವಿಷಯ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಚಿಪ್ಪಿನ ಕೃಷಿಯೂ ಇದೆ. ಸಾಮಾನ್ಯ ವರ್ಗಕ್ಕೆ 40%, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ 60%. ಹಾಲಕ್ಕಿಗಳನ್ನು ಪಂಗಡದ ಪಟ್ಟಿಗೆ ಸೇರಿಸಿ ಅನ್ನುವ ಬೇಡಿಕೆ ಹಳೆಯದು. ಅದು ಏನೇ ಆಗಲಿ, ಅರ್ಜಿ ಹೆಂಗಸರ ಹೆಸರಲ್ಲಿದ್ದರೆ 60% ಸಿಗುತ್ತದೆ. ಈ ವರ್ಷ ಹಣ ಇದೆಯಾ ಅಂತ ತಾಲೂಕಿನ ಮೀನುಗಾರಿಕಾ ಕಚೇರಿಯಲ್ಲಿ ಕೇಳಿ. ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದ ಮೇಲೆ ಚಿಪ್ಪಿನ ಕೃಷಿಯೂ ಅದರ ವ್ಯಾಪ್ತಿಗೆ ಬಂದಿದೆ. ನೋಂದಣಿ ಹೇಗೆ ಅಂತಲೂ ಅಲ್ಲೇ ವಿಚಾರಿಸಿ.

ಅರ್ಜಿಯನ್ನು ಆಗಸ್ಟಿನಲ್ಲೇ ಕೊಡಿ. ನೀಲಿಕಲ್ಲಿನ ಹಗ್ಗ ಡಿಸೆಂಬರ್ ಮುಗಿಯುವುದರೊಳಗೆ ನೀರಿಗಿಳಿಯಬೇಕು. ದುಡ್ಡು ಫೆಬ್ರವರಿಗೆ ಬಂತು ಅಂತ ಆಗ ಹಗ್ಗ ಕಟ್ಟಿದರೆ ಚಿಪ್ಪು ಬಲಿಯುವ ಮೊದಲೇ ಮಳೆ ಬಂದಿರುತ್ತದೆ. ಹಾಗೇನಾದರೂ ಆದರೆ ಸಾಮಾನು ತಂದು ಒಳಗಿಡಿ, ಆ ವರ್ಷ ಉಪ್ಪಿನ ಅಂಕಿ ಬರೆದಿಟ್ಟುಕೊಳ್ಳಿ, ನೀರಿಗಿಳಿಸುವುದು ಮುಂದಿನ ಸಲ.